ಗೆಳೆಯರ ಮನೆಗೇ ತಾನೆ ಅಂತ ಬರ್ಲಿನ್‌ಗೆ ಹೊರಡೋರಿಗೆ

ಓದಿಗೋ ಕೆಲಸಕ್ಕೋ ಜರ್ಮನಿ ಸೇರಿದವರು ನಮ್ಮ ಮೈಸೂರು, ಮಂಡ್ಯ ಕಡೆ ಈಗ ಅಪರೂಪವಲ್ಲ. ಯುರೋಪ್ ನೋಡಲು ಹೊರಟವರು "ಬರ್ಲಿನ್‌ನಲ್ಲಿ ಫ್ರೆಂಡ್ ಮನೆಯಿದೆ, ಹೋಟೆಲ್ ತಾಪತ್ರಯ ಇಲ್ಲ" ಅಂತ ನಿರಾಳವಾಗಿಬಿಡುತ್ತಾರೆ. ಆದರೆ ಹೋಟೆಲ್‌ಗಿಂತ ಗೆಳೆಯರ ಮನೆಗೇ ಕಾಗದಪತ್ರ ಜಾಸ್ತಿ ಬೇಕು.

ಮೊದಲು, ಯಾವ ದೇಶದ ವೀಸಾ? ಜರ್ಮನಿ, ಫ್ರಾನ್ಸ್ ಸೇರಿ ಹಲವು ಯುರೋಪ್ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು, ಆದರೆ ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ಬರ್ಲಿನ್‌ನಲ್ಲಿ 4 ದಿನ, ಪ್ಯಾರಿಸ್‌ನಲ್ಲಿ 6 ದಿನ ಅಂದರೆ ಅರ್ಜಿ ಹೋಗಬೇಕಾದ್ದು ಫ್ರಾನ್ಸಿಗೆ. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ 6 ತಿಂಗಳಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. ಕೊನೇ ಗಳಿಗೆಗೆ ಬಿಡಬೇಡಿ, ತೀರ್ಮಾನ 45 ದಿನದವರೆಗೂ ಎಳೆಯಬಹುದು. ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು, ಅದು ಅಲ್ಲಿರುವ ಪ್ರತಿ ದಿನಕ್ಕೂ ಅನ್ವಯಿಸಬೇಕು.

ಗೆಳೆಯರು ಬರೆದುಕೊಡುವ ಸಾದಾ ಆಹ್ವಾನ ಪತ್ರ ಉಳಿದುಕೊಳ್ಳುವ ಜಾಗಕ್ಕೆ ಪುರಾವೆ, ಖರ್ಚಿಗಲ್ಲ. ಖರ್ಚೂ ಅವರದೇ ಎಂದಾದರೆ ಅವರು ಅಲ್ಲಿನ ವಲಸೆ ಕಚೇರಿಗೆ ಹೋಗಿ 'ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್' ಎಂಬ ಮುಚ್ಚಳಿಕೆ ಬರೆದುಕೊಡಬೇಕು. ಶುಲ್ಕ 29 ಯೂರೋ, ಅದರ ಮೂಲ ಪ್ರತಿಯೇ ನಿಮ್ಮ ಕೈ ಸೇರಬೇಕು. ನಿಮ್ಮಿಂದ ಅಲ್ಲಿನ ಸರ್ಕಾರಕ್ಕೆ ಖರ್ಚು ಬಿದ್ದರೆ, ಆಸ್ಪತ್ರೆಯದೂ ಸೇರಿ, ವಸೂಲಿ ಮಾಡುವುದು ಆ ಗೆಳೆಯರಿಂದ. ಕೈಯಲ್ಲಿ ಹಣವಿದ್ದವರು ಸ್ನೇಹಿತರನ್ನು ಇಂಥ ಹೊಣೆಗೆ ಸಿಕ್ಕಿಸಲೇಬಾರದು. ನಿಮ್ಮದೇ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್ ತೋರಿಸಿ. ಅರ್ಜಿಯ ಹಿಂದಿನ ವಾರ ಖಾತೆಗೆ ದಿಢೀರನೆ ಲಕ್ಷಗಟ್ಟಲೆ ಬಿದ್ದರೆ ಅನುಮಾನ ಬರುವುದು ಸಹಜ. ಬೇಸಾಯದವರು ಪಹಣಿಯ ಇಂಗ್ಲಿಷ್ ಅನುವಾದ, ಕಬ್ಬಿನ ಬಿಲ್ ಜಮೆಯಾದ ಪಾಸ್‌ಬುಕ್ ಇಡಲಿ. ವಾಪಸ್ ಬರ್ತೀರಿ ಅನ್ನೋ ನಂಬಿಕೆ ಅಧಿಕಾರಿಗೆ ಬರಬೇಕು, ಬಹಳ ಅರ್ಜಿಗಳು ಬಿದ್ದುಹೋಗೋದು ಅಲ್ಲೇ. ಆಹ್ವಾನದಲ್ಲಿರುವ ತಾರೀಖು, ಟಿಕೆಟ್, ವಿಮೆ, ರಜೆ ಪತ್ರ ಎಲ್ಲವೂ ಒಂದಕ್ಕೊಂದು ತಾಳೆಯಾಗಲಿ.

ಇನ್ನು ಸಾಮಾನು. ಮನೆಯ ತುಪ್ಪ ಒಯ್ಯುವಂತಿಲ್ಲ, ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಕರಿಬೇವು, ಮೈಸೂರು ವೀಳ್ಯದೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣಿಗೆ ಬೇಡ, ನಂಜನಗೂಡು ರಸಬಾಳೆ ಸಿಕ್ಕರೆ ಧಾರಾಳವಾಗಿ ಒಯ್ಯಿರಿ! ಪುಳಿಯೋಗರೆ ಗೊಜ್ಜು ಚೆಕ್‌ಇನ್ ಬ್ಯಾಗಿನಲ್ಲಿರಲಿ. ದುಬೈ ಮೂಲಕ ಹೋಗುವವರು ಗಸಗಸೆ ಮುಟ್ಟಲೇಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ.

ಬರ್ಲಿನ್‌ನ ರೈಲು, ಬಸ್ ಟಿಕೆಟ್‌ಗಳು ಎ, ಬಿ, ಸಿ ಎಂಬ ವಲಯಗಳ ಲೆಕ್ಕದಲ್ಲಿವೆ, ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಎಬಿ ಟಿಕೆಟ್ ನಡೆಯದು, ಎಬಿಸಿ ತೆಗೆದುಕೊಳ್ಳಿ. ಯಂತ್ರದಿಂದ ಬಂದ ಕಾಗದದ ಟಿಕೆಟ್‌ಗೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮ್‌ನಲ್ಲೇ ಮುದ್ರೆ ಒತ್ತಿಸಬೇಕು. ಮರೆತು ಸಿಕ್ಕಿಬಿದ್ದರೆ ದಂಡ 60 ಯೂರೋ.

ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ದಿನಸಿ ಶನಿವಾರವೇ ತಂದಿಡಿ. ರಾತ್ರಿ 10ರ ಮೇಲೆ ಮಿಕ್ಸಿ, ಜೋರು ಮಾತು ಬೇಡ. ಪಕ್ಕದ ಮನೆಯವರ ದೂರು ಬಂದರೆ ನೀವು ಊರಿಗೆ ಮರಳಿದ ಮೇಲೂ ಅದನ್ನು ಎದುರಿಸುವವರು ಗೆಳೆಯರೇ. ಅವರಿಗೆ ವಾರದ ದಿನ ಆಫೀಸಿರುತ್ತದೆ, ರಜೆ ಹಾಕಿಸಬೇಡಿ. ಸಂಸತ್ ಭವನದ ಗಾಜಿನ ಗುಮ್ಮಟಕ್ಕೆ ಪ್ರವೇಶ ಉಚಿತ, ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಿ, ಪಾಸ್‌ಪೋರ್ಟ್ ಹಿಡಿದು ನೀವೇ ಹೋಗಿ ಬನ್ನಿ.