‘ಬ್ಯಾಕ್‌ಲಾಗ್‌ಗೆ ಹಾಕಿದ್ದೇವೆ ಸರ್’

ನಮ್ಮ ಕಸುಬಿನಲ್ಲಿ ದಿನಾ ಹೇಳುವ ಸುಳ್ಳು ಇದು. ಗಿರಾಕಿ ಹೊಸ ಫೀಚರ್ ಕೇಳುತ್ತಾರೆ. ಆಗಲ್ಲ ಅನ್ನಲು ನಮಗೆ ಬಾಯಿ ಬರುವುದಿಲ್ಲ. ಬ್ಯಾಕ್‌ಲಾಗ್ ಅನ್ನುವ ಬಾಕಿ ಕೆಲಸಗಳ ಪಟ್ಟಿಗೆ ಸೇರಿಸಿ ಕೈ ತೊಳೆದುಕೊಳ್ಳುತ್ತೇವೆ. ಪಾಪ, ಅವರು ಕಾಯುತ್ತಾರೆ.

ಪುಣೆಯ ಬಾಣೇರ್‌ನಲ್ಲಿ ನಮ್ಮ ಆಫೀಸು. ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಕೋಡ್ ಬರೆಯುವವರು ಬೆರಳೆಣಿಕೆಯಷ್ಟು ಜನ, ಕೇಳುವವರು ಊರೆಲ್ಲ. ‘ಇನ್ನಿಬ್ಬರನ್ನು ತಗೊಂಡ್ರೆ ಆಯ್ತಲ್ವಾ’ ಅನ್ನುವವರಿದ್ದಾರೆ. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟಿದ್ದಾರೆ. ಹೊಸಬರಿಗೆ ಕಲಿಸುವುದೂ ಹಳಬರೇ ತಾನೇ?

ಹಾಗಾಗಿ ಯಾವುದು ಮೊದಲು ಅಂತ ಆರಿಸಲೇಬೇಕು. ಅದಕ್ಕೆ ರೈಸ್ ಅಂತ ಒಂದು ಲೆಕ್ಕ ಇದೆ, ಇಂಟರ್‌ಕಾಮ್ ಕಂಪನಿಯವರು ಶುರು ಮಾಡಿದ್ದು. ಎಷ್ಟು ಜನರಿಗೆ ತಲುಪುತ್ತದೆ, ಎಷ್ಟು ಉಪಯೋಗ, ನಮಗೆಷ್ಟು ನಂಬಿಕೆ, ಈ ಮೂರನ್ನೂ ಗುಣಿಸಿ, ಹಿಡಿಯುವ ಶ್ರಮದಿಂದ ಭಾಗಿಸಬೇಕು. 400 ಹೋಟೆಲು, ಉಪಯೋಗ 1, ನಂಬಿಕೆ ಶೇ. 80, ಇಬ್ಬರಿಗೆ ಒಂದು ತಿಂಗಳ ಕೆಲಸ, ಅಂದರೆ ಶ್ರಮ 2. ಒಟ್ಟು 160 ಬಂತು. ಈಗ ಉಪಯೋಗದ ಮನೆಯಲ್ಲಿ 1 ತೆಗೆದು 3 ಹಾಕಿ. 480! ಆ 3 ಎಲ್ಲಿಂದ ಬಂತು? ಸೇಲ್ಸ್‌ನವರ ಬಾಯಿಂದ. ದೊಡ್ಡ ಗಿರಾಕಿ ಬಿಟ್ಟು ಹೋಗ್ತಾನೆ ಅಂತ ಒಬ್ಬರು ಮೀಟಿಂಗಲ್ಲಿ ಹೇಳಿದರೆ ಸಾಕು, ಎಕ್ಸೆಲ್ ಶೀಟು ತಾನಾಗಿಯೇ ತಲೆ ಆಡಿಸುತ್ತದೆ.

ಅಂಕಗಳೇ ಬೇಡ ಅನ್ನುತ್ತಿಲ್ಲ. ಅಂಕ ಯಾರ ದೂರಿನಿಂದ ಹುಟ್ಟುತ್ತದೆ ಅನ್ನುವುದು ನನ್ನ ತಕರಾರು. ನಾವು ಎಣಿಸುವುದು ಟಿಕೆಟ್‌ಗಳನ್ನು, ಅಂದರೆ ಬರಹದಲ್ಲಿ ದಾಖಲಾದ ದೂರುಗಳನ್ನು. ಟಿಕೆಟ್ ಹಾಕುವವರು ಆಫೀಸಿನಲ್ಲಿ ಕೂತು ಇಮೇಲ್ ಬರೆಯುವವರು. ಇಲ್ಲಿನ ಉಡುಪಿ ಹೋಟೆಲಿನ ಯಜಮಾನರು ಬರೆಯುವುದಿಲ್ಲ, ಫೋನ್ ಮಾಡುತ್ತಾರೆ. ಅದೂ ಸಪೋರ್ಟ್‌ನಲ್ಲಿರುವ ಕುಂದಾಪುರದ ಹುಡುಗಿಗೆ, ಕನ್ನಡದಲ್ಲಿ.

‘ಕರೆಂಟ್ ಹೋಗಿ ಬಂದ್ರೆ ಕೆಒಟಿ ಎರಡೆರಡು ಬರ್ತದೆ ಮಾರಾಯ್ತಿ. ಒಳಗೆ ಎರಡೆರಡು ದೋಸೆ ಹುಯ್ತಾರೆ. ಎರಡನೇದರ ಮೇಲೆ ಡುಪ್ಲಿಕೇಟ್ ಅಂತ ಹಾಕ್ಲಿಕ್ಕೆ ಆಗ್ತದಾ?’

ಕೆಒಟಿ ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ. ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುವುದು ಪುಣೆಯಲ್ಲಿ ಮಾಮೂಲು. ಇದು ಅರ್ಧ ದಿನದ ಕೆಲಸ. ಆದರೆ ಫೋನಿನ ಮಾತು ಶೀಟಿಗೆ ಏರುವುದೇ ಇಲ್ಲವಲ್ಲ! ಅದೇ ಹೊತ್ತಿಗೆ ಬಣ್ಣಬಣ್ಣದ ಡ್ಯಾಶ್‌ಬೋರ್ಡ್‌ ಅನ್ನುವ ಅಂಕಿಅಂಶದ ಪರದೆ ಪಟ್ಟಿಯ ಮೊದಲಲ್ಲೇ ಕೂತಿತ್ತು. ಅದನ್ನು ಕೇಳಿದವರು ಅದನ್ನು ತಿಂಗಳಿಗೊಮ್ಮೆ ತೆರೆದು ನೋಡಿದರೆ ಹೆಚ್ಚು. ಆಮೇಲೆ ಆ ಹುಡುಗಿ ತನ್ನ ನೋಟ್‌ಬುಕ್ ಹಿಡಿದು ಮೀಟಿಂಗಿಗೇ ಬರಲು ಶುರು ಮಾಡಿದಳು. ಕೆಒಟಿ ಕೆಲಸ ಮುಗಿದದ್ದು ಹಾಗೆ. ನನ್ನನ್ನು ಕೇಳಿದರೆ, ಪ್ರತಿ ಟೀಮಿನಲ್ಲೂ ಫೋನ್ ಎತ್ತುವವರಿಗೆ ಆ ಮೀಟಿಂಗಿನಲ್ಲಿ ಕುರ್ಚಿ ಇರಬೇಕು, ಮ್ಯಾನೇಜರ್ ನಿಂತರೂ ಪರವಾಗಿಲ್ಲ.

ಮಾಸ್ಕೋ ಅಂತ ಇನ್ನೊಂದು ವಿಧಾನ ಇದೆ. 1994ರಲ್ಲಿ ಡೈ ಕ್ಲೆಗ್ ಅನ್ನುವವರು ಮಾಡಿದ್ದು. ನಾಲ್ಕು ಗುಂಪು: ಬೇಕೇ ಬೇಕು, ಇರಬೇಕು, ಇದ್ದರೆ ಚೆನ್ನ, ಈ ಸಲ ಇಲ್ಲ. ಮೊದಲ ಗುಂಪಿನ ಕೆಲಸ ಒಟ್ಟು ಶ್ರಮದಲ್ಲಿ ಶೇ. 60 ದಾಟಬಾರದು ಅಂತ ಇದನ್ನು ಬಳಸುವ, ಸಾಫ್ಟ್‌ವೇರ್ ಯೋಜನೆ ನಡೆಸುವ ಡಿಎಸ್‌ಡಿಎಂ ಪದ್ಧತಿಯಲ್ಲೇ ಹೇಳಿದ್ದಾರೆ. ನಾನು ಕಂಡ ಕಡೆಯೆಲ್ಲ ಆ ಗುಂಪೇ ತುಂಬಿ ತುಳುಕುತ್ತದೆ. ಕೊನೆಯ ಗುಂಪು ಖಾಲಿ. ಯಾರಿಗೂ ಕೆಟ್ಟವರಾಗಲು ಇಷ್ಟವಿಲ್ಲ ನೋಡಿ.

ನನಗಂತೂ ಆ ಕೊನೆಯ ಗುಂಪೇ ಜಾಸ್ತಿ ಮುಖ್ಯ. ‘ಇದನ್ನು ಈ ವರ್ಷ ಮಾಡುವುದಿಲ್ಲ, ಕಾರಣ ಹೀಗೆ’ ಅಂತ ಬರೆದು ಗಿರಾಕಿಗೇ ಕಳಿಸಬೇಕು. ಕೆಲವರು ಬೈಯುತ್ತಾರೆ, ಬೈಯಲಿ. ಎಷ್ಟೋ ಜನ ತಮ್ಮದೇ ದಾರಿ ಹುಡುಕಿಕೊಳ್ಳುತ್ತಾರೆ. ವರ್ಷ ಕಳೆದರೂ ಮುಟ್ಟದ ಕೋರಿಕೆಗಳನ್ನು ಅಳಿಸಿಬಿಡೋಣ ಅಂತಲೂ ನಮ್ಮಲ್ಲಿ ಹೇಳಿದ್ದೇನೆ. ನಿಜವಾಗಿ ಬೇಕಿದ್ದರೆ ಮತ್ತೆ ಕೇಳುತ್ತಾರೆ. ಸೇಲ್ಸ್‌ನವರು ಇನ್ನೂ ಒಪ್ಪಿಲ್ಲ. ಆ ಪ್ರಸ್ತಾಪವನ್ನೂ ಸದ್ಯ ಬ್ಯಾಕ್‌ಲಾಗ್‌ಗೆ ಹಾಕಿದ್ದಾರೆ.