ಕೊಡೋಕೆ ಬಂದ ಮೇಷ್ಟ್ರು

ನನಗೆ ಗೊತ್ತಿರುವ ಒಂದು ಟ್ರಸ್ಟ್ ಇದೆ. ಕಣ್ಣು ಕಾಣದವರಿಗೆ ಬಿಳಿ ಕೋಲು ಹಂಚುತ್ತದೆ. ಕೋಲು ಒಂದಾದರೆ ಫೋಟೋ ಹತ್ತು. ಡಿಸೆಂಬರ್ 3, ಅಂಗವಿಕಲರ ದಿನದಂದೇ ಶಾಲು, ಹಾರ, ಕೇಸರಿಬಾತ್ ಸಮೇತ ಅವರ ಹೊಸ ವೆಬ್‌ಸೈಟ್ ಉದ್ಘಾಟನೆ ಆಯಿತು.

ನಮ್ಮ ಬೀದಿಯ ಮೇಷ್ಟ್ರಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ರಿಟೈರ್ ಆದವರು. ಟ್ರಸ್ಟಿಗೆ 5,000 ರೂಪಾಯಿ ಕೊಡೋಣ ಅಂತ ಕೂತರು. ಗಮನಿಸಿ, ಕೊಡೋಣ ಅಂತ. ಎಡವಟ್ಟಾಗಿದ್ದೇ ಅಲ್ಲಿ.

ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇದೆ. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣದು. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ.

ಮೊದಲು ವಾರ್ಷಿಕ ವರದಿಯ ಪಿಡಿಎಫ್ ತೆರೆದರು. ಹಳೇ ನುಡಿ ಫಾಂಟಿನದು. ನೋಡುವವರಿಗೆ ಮುದ್ದಾದ ಕನ್ನಡ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎನ್‌ವಿಡಿಎ ಪಾಪ, ಅದನ್ನೇ ನಿಷ್ಠೆಯಿಂದ ಓದಿತು. ಯಾರೋ ದೆವ್ವ ಬಿಡಿಸುತ್ತಿದ್ದಾರೆ ಅಂದುಕೊಂಡು ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದ ಓಡಿಬಂದರು.

ಆಮೇಲೆ ದಾನದ ಫಾರ್ಮು. ಯಾವ ಡಬ್ಬಿಗೂ ಹೆಸರಿಲ್ಲ. ಪ್ರತಿಯೊಂದಕ್ಕೂ 'ಎಡಿಟ್, ಖಾಲಿ' ಅನ್ನುತ್ತದೆ. ಫೋನ್ ನಂಬರ್ ಯಾವುದಕ್ಕೆ, ಮೊತ್ತ ಯಾವುದಕ್ಕೆ? ಫೋನ್ ನಂಬರನ್ನೇ ಮೊತ್ತದ ಡಬ್ಬಿಗೆ ಹಾಕಿದ್ದರೆ ಟ್ರಸ್ಟು ಒಂದೇ ದಿನದಲ್ಲಿ ಉದ್ಧಾರವಾಗುತ್ತಿತ್ತು. ಕೊನೆಗೆ ಕ್ಯಾಪ್ಚಾ. ಚಿತ್ರದಲ್ಲಿ ಕಾಣುವ ಸೊಟ್ಟ ಅಕ್ಷರ ಟೈಪ್ ಮಾಡಿ ತಾವು ಮನುಷ್ಯರೆಂದು ತೋರಿಸಬೇಕು. ಮೇಷ್ಟ್ರು ಮೂರು ಸಲ ಫೇಲ್.

ನಾನು ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ.

"ನಮ್ದು ಫುಲ್ ಆಕ್ಸೆಸಿಬಲ್ ಸಾರ್, ಅಂಗವಿಕಲರೂ ಆರಾಮಾಗಿ ಬಳಸಬಹುದು. ಬಲಗಡೆ ಮೂಲೇಲಿ ಗಾಲಿಕುರ್ಚಿ ಗುರುತಿನ ಬಟನ್ ಇದೆ, ಅವರಿಗೆ ನೋಡೋಕೆ ಹೇಳಿ."

ನೋಡೋಕೆ! ಆ ಬಟನ್ ಒತ್ತಿದರೆ ಅಕ್ಷರ ದಪ್ಪ ಆಗುತ್ತದೆ, ಬಣ್ಣ ಬದಲಾಗುತ್ತದೆ. ಡಬ್ಬಿಗೆ ಹೆಸರು ಬರುವುದಿಲ್ಲ. ಇಂಥದ್ದೇ ಸಾಧನ ಮಾರುವ ಆಕ್ಸೆಸಿಬಿ ಎಂಬ ಕಂಪನಿ, ಇದೊಂದಿದ್ದರೆ ಯಾವ ವೆಬ್‌ಸೈಟೂ ಸರಿಹೋಗುತ್ತದೆ ಅಂತ ಹೇಳಿಕೊಂಡಿದ್ದಕ್ಕೆ 2025ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 10 ಲಕ್ಷ ಡಾಲರ್ ಕಕ್ಕಿಸಿದೆ. ನಮ್ಮಲ್ಲಿ ಬಟನ್ ಹಾಕಿದವರಿಗೆ ಹಾರ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೆಗೆದೆ. ಸೇವೆ ಕೊಡುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ, ನಿಯಮ ಬಂದ ಎರಡು ವರ್ಷದೊಳಗೆ ಅಂಗವಿಕಲರೂ ಬಳಸುವಂತೆ ಎಲ್ಲ ಸರಿಮಾಡಬೇಕು ಅನ್ನುತ್ತದೆ 46ನೇ ಕಲಂ. ನಿಯಮ ಬಂದಿದ್ದು 2017ರಲ್ಲಿ. ಡಿಜಿಟಲ್ ಸೌಲಭ್ಯ ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

"ಕಾನೂನೆಲ್ಲ ಬೇರೆಯವರಿಗೆ ಸಾರ್, ನಾವು ಸೇವೆ ಮಾಡೋರು" ಅಂದರು ಕಾರ್ಯದರ್ಶಿಗಳು. ಸ್ವಲ್ಪ ತಡೆದು, ನಿಜವಾಗಿಯೂ ಅರ್ಥವಾಗದೆ ಕೇಳಿದರು: "ಅಲ್ಲಾ, ಅವರು ಯಾಕೆ ನಮ್ಮ ಸೈಟಿಗೆ ಬರ್ತಾರೆ? ಅದು ದಾನಿಗಳಿಗೆ ಅಲ್ವಾ?"

ಮೇಷ್ಟ್ರು ಆಟೋ ಹಿಡಿದು ಹೋಗಿ ನಗದು ಕೊಟ್ಟು ಬಂದರು. ಅಲ್ಲಿ ತುಂಬಾ ಮರ್ಯಾದೆ ಮಾಡಿದರಂತೆ. ಕೂರಿಸಿ ಕಾಫಿ ಕೊಟ್ಟರಂತೆ, ಫೋಟೋ ತೆಗೆದರಂತೆ. ಬೇಡ ಬೇಡ ಅಂದರೂ ಕೈಗೊಂದು ಬಿಳಿ ಕೋಲು ಕೊಟ್ಟರಂತೆ.

ಮುಂದಿನ ವಾರ ಫೋಟೋ ವೆಬ್‌ಸೈಟಿಗೆ ಬಂತು. 'ನಮ್ಮ ಫಲಾನುಭವಿಗಳು' ಅಂತ ಫೋಟೋದ ಮೇಲೇ ಕೆಂಪು ಅಕ್ಷರ.

"ಏನು ಬರೆದಿದ್ದಾರಪ್ಪಾ?" ಅಂತ ಮೇಷ್ಟ್ರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಎನ್‌ವಿಡಿಎ ಫೋಟೋ ಫೈಲಿನ ಹೆಸರು ಹೇಳಿತು: "ಗ್ರಾಫಿಕ್, ಲಿಂಕ್, ಐಎಂಜಿ 4032."