ಆರ್‌ಡಿಎ ಬೇಕಂತೆ, ಟೂಲ್‌ಕಿಟ್‌ಗೆ ದುಡ್ಡಿಲ್ವಂತೆ

ನಮ್ದು ಆಯುರ್ವೇದ ಪುಸ್ತಕಗಳ ಪುಟ್ಟ ಲೈಬ್ರರಿ, ಕ್ಯಾಟಲಾಗ್ ಮಾಡೋದು, ಪುಸ್ತಕ ಕೊಡೋದು, ಧೂಳು ಹೊಡೆಯೋದು ಎಲ್ಲಾ ನಾನೊಬ್ಳೇ, ಈಗ ಮ್ಯಾನೇಜ್‌ಮೆಂಟ್‌ನವ್ರು ಇದ್ದಕ್ಕಿದ್ದಂಗೆ ಕ್ಯಾಟಲಾಗ್ ಮಾಡೋ ಹಳೇ ನಿಯಮ ಎಎಸಿಆರ್2 ಬಿಡಿ, ಹೊಸ ನಿಯಮ ಆರ್‌ಡಿಎ ಶುರು ಮಾಡಿ ಅಂತಾರೆ. ಸರಿ, ಅದು ಬಂದಿದ್ದು 2010ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲೇ ಬದಲಾಯ್ತು, ನಾವೂ ಬದಲಾಗ್ಬೇಕು, ಒಪ್ತೀನಿ. ಆದ್ರೆ ಆ ನಿಯಮ ಓದೋ ಆನ್‌ಲೈನ್ ಟೂಲ್‌ಕಿಟ್‌ಗೇ ವರ್ಷವರ್ಷ ಚಂದಾ ಕಟ್ಬೇಕು, ಅದಕ್ಕೆ ಬಜೆಟ್ ಇಲ್ಲ ಅಂತಾರಲ್ಲ, ನಿಯಮಾನೇ ನೋಡ್ದೆ ಹೆಂಗ್ರೀ ಮಾಡೋದು? ಮಾರ್ಕ್ ಅನ್ನೋ ಕಂಪ್ಯೂಟರ್ ಕ್ಯಾಟಲಾಗ್ ರೆಕಾರ್ಡಲ್ಲಿ ಪ್ರಕಾಶನದ ವಿವರಕ್ಕೆ ಹಳೇದಕ್ಕೆಲ್ಲಾ 260ನೇ ಫೀಲ್ಡ್ ಇದೆ, ಹೊಸದಕ್ಕೆ 264, ಜೊತೆಗೆ ಅಚ್ಚಾದ ಸಾದಾ ಪುಸ್ತಕಕ್ಕೂ ಅದು ಯಾವ ಬಗೆಯದು ಅಂತ ಹೇಳೋ 336, 337, 338 ಫೀಲ್ಡ್ ತುಂಬ್ತಾ ಕೂರ್ಬೇಕು. ಇತ್ತ ಕಪಾಟಲ್ಲಿ ಹಳೇ ಟೀಕಾಗ್ರಂಥಗಳು ಎಂಟ್ರಿನೇ ಆಗ್ದೆ ಬಿದ್ದಿವೆ, ಪುಸ್ತಕ ಒಳಗೇ ಇದ್ರೂ ಹುಡುಕ್ಕೊಂಡ್ ಬಂದೋರು ಸಿಗ್ದೆ ವಾಪಸ್ ಹೋಗ್ತಾರೆ, ಹೊಟ್ಟೆ ಉರಿಯುತ್ತೆ. ಮೊದ್ಲು ಒಬ್ರು ಅಸಿಸ್ಟೆಂಟ್ ಕೊಡಿ ಸ್ವಾಮಿ!